ಐನಾಪುರ ಬಂದಾಗ ನಿಲ್ಲುವ ಪ್ರೋಗ್ರಾಂ

ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಕಾಗವಾಡ ತಾಲೂಕಿನ ಶೇಡಬಾಳದ ಮನೆಗಳಲ್ಲಿ ತೂಕದ ಚೀಟಿಗಳು ಕಂತೆ ಕಂತೆಯಾಗಿ ಬೀಳುತ್ತವೆ. ಪೈಥಾನ್ ಕಲಿಯುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗಲಾರದು. ಊರು, ತಾರೀಖು, ಟನ್ ಎಂದು ನಡುವೆ ಅಲ್ಪವಿರಾಮ ಹಾಕಿ ನೋಟ್‌ಪ್ಯಾಡಿನಲ್ಲಿ ಸಾಲುಸಾಲಾಗಿ ಬರೆದಿಡುವುದು, ಹತ್ತು ಸಾಲಿನ ಪ್ರೋಗ್ರಾಂ ಬರೆದು ಊರುವಾರು ಮೊತ್ತ ತೆಗೆಯುವುದು. ಯಾವ ಎಡಿಟರ್ ಒಳ್ಳೆಯದು, ಯಾವ ಡಿಬಗರ್ ಬೇಕು ಎಂದು ಕೇಳುವವರಿಗೆ ನಾನು ಮೊದಲು ಕೊಡುವುದು ಈ ಹತ್ತು ಸಾಲಿನ ಕೆಲಸವನ್ನೇ. ಸಲಕರಣೆಯ ಗುಣ ಗೊತ್ತಾಗುವುದು ಪ್ರೋಗ್ರಾಂ ಕೈಕೊಟ್ಟಾಗ. ಈ ಪ್ರೋಗ್ರಾಂ ಬಹಳ ಸೊಗಸಾಗಿ ಕೈಕೊಡುತ್ತದೆ.

ಫೈಲಿನಲ್ಲಿ ಶೇಡಬಾಳ, ಕಾಗವಾಡ, ಉಗಾರ ಎಂಬ ಮೂರೇ ಊರುಗಳಿವೆ ಎನ್ನಿ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ತಕರಾರಿಲ್ಲದೆ ಓಡುತ್ತದೆ, ಆದರೆ ಶೇಡಬಾಳದ ಮೊತ್ತ ಕೇಳಿದರೆ ಸೊನ್ನೆ ಎನ್ನುತ್ತದೆ. ಐನಾಪುರದ ಒಂದು ಸಾಲು ಸೇರಿಸಿ ನೋಡಿ, ಓಡುವುದೇ ಇಲ್ಲ. ಶಿರಗುಪ್ಪಿ ಸೇರಿಸಿದರೂ ಅದೇ ಗತಿ. ಅವೆರಡನ್ನೂ ತೆಗೆದು ಮೋಳೆ ಸೇರಿಸಿದರೆ ಮತ್ತೆ ಓಡುತ್ತದೆ! ಕಾಗವಾಡ ತಾಲೂಕಿನ ಊರುಗಳಲ್ಲಿ ಪೈಥಾನಿಗೇಕೆ ಈ ಪಂಕ್ತಿಭೇದ?

ಕಾರಣ ಇಷ್ಟೇ. ನೋಟ್‌ಪ್ಯಾಡ್ ಫೈಲನ್ನು ಯುಟಿಎಫ್-8ರಲ್ಲಿ ಉಳಿಸುತ್ತದೆ. ಅದರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೈಟ್. ನಾವು ಏನೂ ಹೇಳದಿದ್ದರೆ ಪೈಥಾನ್ ಅದನ್ನು ಓದುವುದು ಇಂಗ್ಲಿಷ್ ವಿಂಡೋಸಿನ ಹಳೆಯ 1252 ಎಂಬ ಕೋಷ್ಟಕದ ಪ್ರಕಾರ. ಆ ಕೋಷ್ಟಕದಲ್ಲಿ ಐದು ಮನೆಗಳು ಖಾಲಿ. ‘ಐ’ ಅಕ್ಷರದ ಕೊನೆಯ ಬೈಟು ಅಂಥದೊಂದು ಖಾಲಿ ಮನೆಗೆ ಹೋಗಿ ಬೀಳುತ್ತದೆ. ‘ಗು’ವಿನಲ್ಲಿರುವ ಉಕಾರದ ಚಿಹ್ನೆಯದೂ ಒತ್ತಕ್ಷರ ಹುಟ್ಟಿಸುವ ವಿರಾಮ ಚಿಹ್ನೆಯದೂ ಇದೇ ಪಾಡು, ಆದ್ದರಿಂದಲೇ ಶಿರಗುಪ್ಪಿಯೂ ನಿಂತಿತು. ಶೇಡಬಾಳದ ಹದಿನೆಂಟು ಬೈಟುಗಳಿಗೆ ಹೇಗೋ ಮನೆ ಸಿಗುತ್ತದೆ, ಆದರೆ ಹದಿನೆಂಟು ಪರದೇಶಿ ಅಕ್ಷರಗಳಾಗಿ. ಪ್ರೋಗ್ರಾಮಿನೊಳಗೆ ನೀವು ಬರೆದ ‘ಶೇಡಬಾಳ’ದಲ್ಲಿ ಇರುವುದು ಆರೇ ಚಿಹ್ನೆ. ಹದಿನೆಂಟಕ್ಕೂ ಆರಕ್ಕೂ ಯಾವ ಕಾಲಕ್ಕೂ ತಾಳೆಯಾಗುವುದಿಲ್ಲ, ಮೊತ್ತ ಸೊನ್ನೆ. ಫೈಲು ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬರೆದರೆ ರೋಗ ವಾಸಿ. ಪೈಥಾನ್ 3.15ರಿಂದ ಇದು ತಾನಾಗಿಯೇ ಆಗಲಿ ಎಂದು ತೀರ್ಮಾನವಾಗಿದೆಯಂತೆ; ಅದು ನಮ್ಮೂರ ಲ್ಯಾಪ್‌ಟಾಪುಗಳಿಗೆಲ್ಲ ಬಂದು ಮುಟ್ಟುವ ತನಕ ಹುಡುಗರು ಬರೆಯಲೇಬೇಕು.

ಈಗ ಸಲಕರಣೆಗೆ ಬರೋಣ. ದೋಷದ ವರದಿ ಬೊಟ್ಟು ಮಾಡುವುದು ಫೈಲು ಓದುವ ಫಾರ್ ಸಾಲಿನ ಕಡೆ. ಐನಾಪುರ ಫೈಲಿನ ನಲವತ್ತನೇ ಸಾಲಿನಲ್ಲಿದ್ದರೂ ಮೊದಲ ಸಾಲೇ ಕೈಗೆ ಬರುವುದಿಲ್ಲ, ಏಕೆಂದರೆ ಪೈಥಾನ್ ಸಾವಿರಾರು ಬೈಟುಗಳನ್ನು ಒಮ್ಮೆಲೇ ಬಾಚಿ ಓದುತ್ತದೆ. ಕಲಿಯುವವನು ಏನೂ ತಪ್ಪಿಲ್ಲದ ಆ ಫಾರ್ ಸಾಲನ್ನೇ ತಿದ್ದುತ್ತ ಕೂರುತ್ತಾನೆ. ಪ್ರಿಂಟ್ ಹಾಕಿ ನೋಡೋಣವೆಂದರೆ ಕಮಾಂಡ್ ಪ್ರಾಂಪ್ಟಿನ ಕಪ್ಪು ಕಿಟಕಿಯಲ್ಲಿ ಕನ್ನಡದ ಗುಣಿತ, ಒತ್ತು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಸರಿಯಿದ್ದ ಹೆಸರೂ ಕೆಟ್ಟಂತೆ ಕಾಣುತ್ತದೆ. ಇಂಗ್ಲಿಷ್ ಹೆಸರು ಇಟ್ಟುಕೊಂಡು ಕಲಿಯುವವರಿಗೆ ಈ ಪೇಚು ಇಲ್ಲ. ನಮಗೆ ಬೇಕಾದ ಸಲಕರಣೆ ಕಣ್ಣಿಗೆ ಕಾಣುವುದನ್ನಷ್ಟೇ ತೋರಿಸಿದರೆ ಸಾಲದು, ಒಳಗೆ ಇರುವುದನ್ನೂ ಬಿಚ್ಚಿ ತೋರಿಸಬೇಕು. ನನ್ನ ಮಟ್ಟಿಗೆ ಆಯ್ಕೆಯ ಒರೆಗಲ್ಲು ಇದೊಂದೇ. ಬಣ್ಣಬಣ್ಣದ ಥೀಮು, ಟ್ಯಾಬು, ಐಕಾನು ಎಲ್ಲ ಆಮೇಲಿನ ಮಾತು.

ಓಣಿಯ ಹುಡುಗನೊಬ್ಬ ಕೇಳಿದ: “ಕಾಕಾ, ವಿಎಸ್ ಕೋಡ್ ಹಾಕ್ಕೊಂಡೇನ್ರಿ, ಇನ್ನ ಡಿಬಗರ್ ಯಾವ್ದ ಹಾಕ್ಲಿ?” ಅಂದೆ: “ಹಾಕೂದಲ್ಲೋ ತಮ್ಮಾ, ಮೊದಲ ಒಂದ ಸಾಲಿನ ಮ್ಯಾಲ ಅದನ್ನ ನಿಂದರಿಸಿ ನೋಡೂದ ಕಲಿ.”

ಪೈಥಾನ್ ಜೊತೆಗೇ ಬರುವ ಐಡಲ್‌ನಲ್ಲಿ ಡಿಬಗರ್ ಇದೆ, ಬಳಸುವವರು ಕಡಿಮೆ. ಬಳಸಿದವರೂ ಬೇಗ ಬೇಸತ್ತು ಬಿಡುತ್ತಾರೆ. ಪ್ರಿಂಟ್ ಇರುವ ಸಾಲಿನಲ್ಲಿ ‘ಓವರ್’ ಒತ್ತುವ ಬದಲು ‘ಸ್ಟೆಪ್’ ಒತ್ತಿದರೆ ಅದು ಐಡಲ್‌ನ ಸ್ವಂತ ಕರುಳಿನೊಳಗೆ ಇಳಿದು, ನಾವು ಬರೆಯದ ಸಾಲುಗಳಲ್ಲಿ ನಮ್ಮನ್ನು ಅಲೆದಾಡಿಸುತ್ತದೆ.

ಹೊಸಬರಿಗೆ ನನ್ನ ಓಟು ಥಾನಿಗೆ. ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಲ್ಲಿ ಕಲಿಯುವವರಿಗೆಂದೇ ಹುಟ್ಟಿದ ಎಡಿಟರ್ ಅದು. ಹಣ ಕೊಡಬೇಕಿಲ್ಲ, ಪೈಥಾನ್ ಅದರೊಳಗೇ ಬರುತ್ತದೆ. ಕಂಟ್ರೋಲ್ ಜೊತೆ ಎಫ್5 ಒತ್ತಿ ಡಿಬಗ್ ಶುರು ಮಾಡಿ, ಎಫ್7 ಒತ್ತುತ್ತ ಹೋಗಿ. ‘ಊರು == "ಶೇಡಬಾಳ"’ ಎಂಬ ಸಾಲು ಬಂದಾಗ (ಪೈಥಾನ್ 3ರಲ್ಲಿ ಚರಾಂಶಕ್ಕೆ ‘ಊರು’ ಎಂದು ಕನ್ನಡದಲ್ಲೇ ಹೆಸರಿಡಬಹುದು) ಆ ಹೆಸರಿನ ಜಾಗದಲ್ಲಿ ಅದರ ಬೆಲೆ ಬಂದು ಕೂರುತ್ತದೆ, ಉದ್ಧರಣ ಚಿಹ್ನೆಯ ಸಮೇತ. ಅಲ್ಪವಿರಾಮದ ಮುಂಚೆ ಯಾರೋ ಒಂದು ಸ್ಪೇಸ್ ಬಿಟ್ಟಿದ್ದರೆ ‘ಶೇಡಬಾಳ ’ ಎಂಬ ಆ ಬಾಲ ಅಲ್ಲೇ ಕಾಣುತ್ತದೆ. ಇನ್ನೂ ಒತ್ತುತ್ತ ಹೋದರೆ ಇಡೀ ಹೋಲಿಕೆ ಮಾಯವಾಗಿ ಅದರ ಜಾಗದಲ್ಲಿ ‘ಫಾಲ್ಸ್’ ಉಳಿಯುತ್ತದೆ. ಲೆಕ್ಕ ಹೀಗೆ ಕಣ್ಣೆದುರು ಕರಗುವುದನ್ನು ನೋಡಿದವನಿಗೆ ಮತ್ತೆ ಯಾರೂ ಪಾಠ ಹೇಳಬೇಕಿಲ್ಲ.

ಪಿಡಿಬಿ ಎಂಬ ಪೈಥಾನಿನ ಸ್ವಂತ ಡಿಬಗರನ್ನೂ ಬಿಡಬೇಡಿ. 2018ರ ಪೈಥಾನ್ 3.7ರಿಂದ ಈಚೆಗೆ ಎಲ್ಲಿ ನಿಲ್ಲಬೇಕೋ ಅಲ್ಲಿ ಬ್ರೇಕ್‌ಪಾಯಿಂಟ್() ಎಂದು ಬರೆದರೆ ಸಾಕು. ನಿಂತ ಮೇಲೆ ಎರಡು ಪ್ರಶ್ನೆ ಕೇಳಿ: ಹೆಸರಿನ ಉದ್ದ ಎಷ್ಟು ಎಂದು ಲೆನ್‌ಗೆ, ಒಳಗೆ ಏನಿದೆ ಎಂದು ಆಸ್ಕಿಗೆ. ಉದ್ದ ಹದಿನೆಂಟು ಬಂದರೆ ಎನ್‌ಕೋಡಿಂಗ್ ಕೆಟ್ಟಿದೆ. ಏಳು ಬಂದರೆ ಒಂದೋ ಸ್ಪೇಸ್, ಇಲ್ಲವೇ ‘ಶೇ’ಯ ದೀರ್ಘ ಎತ್ವ ಒಂದೇ ಚಿಹ್ನೆಯಾಗುವ ಬದಲು ಎತ್ವ ಮತ್ತು ದೀರ್ಘ ಎಂದು ಎರಡಾಗಿ ಒಡೆದಿದೆ. ಹಳೆಯ ಮ್ಯಾಕ್ ಗಣಕಗಳು ಫೈಲುಗಳ ಹೆಸರನ್ನು ಹೀಗೆ ಒಡೆದೇ ಇಡುತ್ತಿದ್ದವು. ಪರದೆಯ ಮೇಲೆ ಎರಡೂ ಒಂದೇ, ಹೋಲಿಕೆಯಲ್ಲಿ ಬೇರೆ. ಅವನ್ನು ಒಂದು ಮಾಡಲು ಯೂನಿಕೋಡ್‌ಡೇಟಾದ ನಾರ್ಮಲೈಸ್ ಇದೆ. ಹಿರಿಯರಾರಾದರೂ ತೂಕವನ್ನು ೧೨.೫ ಎಂದು ಕನ್ನಡ ಅಂಕಿಯಲ್ಲಿ ಬರೆಸಿದ್ದರೆ ಮಾತ್ರ ಗಾಬರಿ ಬೇಡ, ಪೈಥಾನಿನ ಫ್ಲೋಟ್ ಅದನ್ನು ನೇರವಾಗಿ ಓದಿಕೊಳ್ಳುತ್ತದೆ. ಈ ಒಂದು ಔದಾರ್ಯಕ್ಕೆ ಅದರ ಎಷ್ಟೋ ತಂಟೆಗಳನ್ನು ನಾನು ಮನ್ನಿಸಿದ್ದೇನೆ.

ವಿಮ್ ಬಗ್ಗೆ ಪ್ರೀತಿಯಿರುವವರು ಸಿಟ್ಟಾಗಬೇಡಿ. 1991ರಿಂದ ಬಾಳಿಕೊಂಡು ಬಂದಿರುವ ಎಡಿಟರ್ ಅದು, ಕರ್ಸರನ್ನು ಅಕ್ಷರದ ಮೇಲಿಟ್ಟು ಜಿ, 8 ಒತ್ತಿದರೆ ಅದರ ಬೈಟುಗಳನ್ನೇ ತೋರಿಸುತ್ತದೆ. ಆದರೆ ಭಾಷೆಯನ್ನೂ ವಿಮ್ಮನ್ನೂ ಒಟ್ಟಿಗೆ ಕಲಿಯಲು ಹೊರಟವರು ಎರಡನ್ನೂ ಅರ್ಧಕ್ಕೇ ಬಿಟ್ಟದ್ದನ್ನು ಕಂಡಿದ್ದೇನೆ. ಇನ್ನು ಸಾಲುಗಳನ್ನು ತಾವೇ ಊಹಿಸಿ ಬರೆದುಕೊಡುವ ಎಐ ಸಹಾಯಕರನ್ನು ಮೊದಲ ಕೆಲವು ತಿಂಗಳು ಆಫ್ ಮಾಡಿಡಿ.

ವಿಎಸ್ ಕೋಡ್ ಬೇಕೆನಿಸುವುದು ಪ್ರೋಗ್ರಾಂ ನಾಲ್ಕೈದು ಫೈಲುಗಳಿಗೆ ಬೆಳೆದಾಗ. ನಾಲ್ಕು ಜಿಬಿ ರಾಮಿನ ಹಳೆಯ ಲ್ಯಾಪ್‌ಟಾಪಿನಲ್ಲಿ, ಪಕ್ಕದಲ್ಲಿ ಬ್ರೌಸರೂ ತೆರೆದಿದ್ದರೆ, ಅದು ತೆವಳುತ್ತದೆ. ಆದರೂ ಅದರ ಷರತ್ತಿನ ಬ್ರೇಕ್‌ಪಾಯಿಂಟಿಗಾಗಿ ಅದನ್ನು ಸಹಿಸಿಕೊಳ್ಳಬಹುದು. ಸಾಲಿನ ಅಂಚಿನಲ್ಲಿ ಬಲಗುಂಡಿ ಒತ್ತಿ ‘ಟನ್ > 40’ ಎಂದು ಬರೆದರೆ, ಇಡೀ ಹಂಗಾಮಿನ ಚೀಟಿಗಳಲ್ಲಿ ಯಾರೋ ಚುಕ್ಕೆ ಮರೆತು 12.5ನ್ನು 125 ಎಂದು ಒತ್ತಿದ ಆ ಒಂದು ಸಾಲಿನಲ್ಲಿ ಬಂದು ನಿಲ್ಲುತ್ತದೆ. ಇದಕ್ಕೆ ಪೈಥಾನ್ ಎಕ್ಸ್‌ಟೆನ್ಷನ್ ಒಂದಿದ್ದರೆ ಸಾಕು. ಲಾಂಚ್ ಡಾಟ್ ಜೇಸನ್ ಎಂಬ ಫೈಲು ಮಾಡಿಕೋ ಎಂದು ಅದು ಕೇಳಿದರೆ ಸದ್ಯಕ್ಕೆ ಬೇಡ ಎನ್ನಿ.