ನೀರು ಕರಗಿಸಿದ ಕಲ್ಲು

ಅಂಡಮಾನ್ ಸಮುದ್ರದ ಬ್ಯಾರನ್ ದ್ವೀಪ ಭಾರತದ ಏಕೈಕ ಸಕ್ರಿಯ ಜ್ವಾಲಾಮುಖಿ. ಅದರ ಕಪ್ಪು ಕಲ್ಲಿನ ಮೇಲೆ ನನಗಿರುವ ಮೋಹಕ್ಕೆ ಕಾರಣ, ಅದನ್ನು ಹುಟ್ಟಿಸಿದ್ದು ನೀರು ಎಂಬುದು.

ಅಲ್ಲಿ ಭಾರತದ ಭೂಫಲಕ ಬರ್ಮಾ ಫಲಕದ ಅಡಿಗೆ ಓರೆಯಾಗಿ ಜಾರುತ್ತಿದೆ. ಸುಮಾರು 100 ಕಿ.ಮೀ. ಆಳದಲ್ಲಿ, ಅದರ ಖನಿಜಗಳಲ್ಲಿ ಸೆರೆಯಾಗಿದ್ದ ನೀರು ಬಿಡುಗಡೆಯಾಗಿ ಮೇಲಿನ ಬಿಸಿ ಮ್ಯಾಂಟಲ್ಲಿಗೆ ಏರುತ್ತದೆ. ನೀರು ಸೇರಿದ ಶಿಲೆಯ ಕರಗುವ ಬಿಂದು ನೂರಾರು ಡಿಗ್ರಿ ಇಳಿಯುತ್ತದೆ. ಇನ್ನಷ್ಟು ಕಾಯಿಸದೆಯೇ ಕಲ್ಲು ಕರಗುತ್ತದೆ! ಎಷ್ಟು ಸಲ ಓದಿದರೂ ನನ್ನ ಬೆರಗು ಕಡಿಮೆಯಾಗಿಲ್ಲ.

ಹೀಗೆ ಹುಟ್ಟಿದ ಶಿಲಾಪಾಕ ಹಾದಿಯಲ್ಲಿ ತಂಗುತ್ತದೆ, ತಣಿಯುತ್ತದೆ. ಮೊದಲು ಹಸಿರು ಆಲಿವಿನ್ ಹರಳುಗಟ್ಟಿ ತಳಕ್ಕಿಳಿಯುತ್ತದೆ. ಮೆಗ್ನೀಸಿಯಂ ಅದರೊಂದಿಗೆ ಹೋಗಿ, ಉಳಿದ ಪಾಕದಲ್ಲಿ ಸಿಲಿಕದ ಪಾಲು ಏರುತ್ತದೆ. ಕಡಿಮೆ ಸಿಲಿಕದ ಬಸಾಲ್ಟ್ ಹೆಚ್ಚು ಸಿಲಿಕದ ಆಂಡಿಸೈಟಿನತ್ತ ವಾಲುವುದು ಹೀಗೆ.

ಪಾಕದ ಈ ಪಯಣದ ದಾಖಲೆ ಪ್ಲೇಜಿಯೊಕ್ಲೇಸ್ ಎಂಬ ಖನಿಜದ ಹರಳಿನಲ್ಲಿದೆ. ಸೂಕ್ಷ್ಮದರ್ಶಕದಡಿ ಅದರಲ್ಲಿ ಮರದ ಉಂಗುರಗಳಂತೆ ಪದರಗಳು. ಎಲ್ಲೋ ಒಂದು ಪದರದ ಅಂಚು ಸವೆದಿದ್ದರೆ, ಹೊಸ ಬಿಸಿ ಪಾಕ ನುಗ್ಗಿ ಹರಳನ್ನು ಅರೆಬರೆ ಕರಗಿಸಿರಬಹುದು; ಆಮೇಲೆ ಅದರ ಮೇಲೆಯೇ ಮತ್ತೊಂದು ಪದರ. ತನ್ನ ಚರಿತ್ರೆಯನ್ನು ಇಷ್ಟು ನಿಷ್ಠೆಯಿಂದ ಮೈಮೇಲೆ ಬರೆದುಕೊಳ್ಳುವ ವಸ್ತು ಬೇರೊಂದಿದೆಯೇ? ಒಂದೂವರೆ ಶತಮಾನ ಸುಮ್ಮನಿದ್ದ ಬ್ಯಾರನ್ 1991ರಲ್ಲಿ ಮತ್ತೆ ಸಿಡಿದಾಗ, ಭೂವಿಜ್ಞಾನಿಗಳಿಗೆ ಓದಲು ಹೊಚ್ಚಹೊಸ ಹರಳುಗಳು ಸಿಕ್ಕವು.