ಸಂಗಮಕ್ಕೆ ಮುಂಚಿನ ಕಾವೇರಿ

ಟೆಂಟ್ ಎಂದೊಡನೆ ಬೆಂಗಳೂರಿನ ರಾಜಾಜಿನಗರ, ವಿಜಯನಗರದ ಹುಡುಗರು ಮಾಗಡಿ ರಸ್ತೆ ಹಿಡಿಯುತ್ತಾರೆ. ಸಾವನದುರ್ಗ ಹತ್ತುವುದಕ್ಕೆ ಚೆನ್ನ. 1,226 ಮೀಟರ್ ಎತ್ತರದ ಆ ಬಂಡೆಯ ನೆತ್ತಿಯಲ್ಲಿ ಬೆಳಗಿನ ಗಾಳಿಗೆ ಮೈಯೊಡ್ಡಿ ನಿಲ್ಲುವುದೇ ಒಂದು ಸುಖ. ಆದರೆ ಅದು ರಾತ್ರಿ ತಂಗುವ ಜಾಗವಲ್ಲ.

ಡೇರೆಯಲ್ಲೇ ಮಲಗಬೇಕು ಎನ್ನುವವರಿಗೆ ನಾನು ಹೇಳುವುದು ಗಾಳಿಬೋರೆ. ಕೆಂಗೇರಿ ಕಡೆಯಿಂದ ನೈಸ್ ರಸ್ತೆಯಲ್ಲಿ ಕನಕಪುರ ರಸ್ತೆಗೆ ಬಂದು, ಹಾರೋಹಳ್ಳಿ, ಕನಕಪುರ ದಾಟಿದರೆ ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮ. ಅಲ್ಲಿಂದ ಕಾವೇರಿಗುಂಟ ಕಾಡುದಾರಿಯಲ್ಲಿ ಮೇಲಕ್ಕೆ ಹೋದರೆ ಕಾವೇರಿ ವನ್ಯಜೀವಿಧಾಮದೊಳಗೆ ಸರ್ಕಾರದ ಜಂಗಲ್ ಲಾಡ್ಜಸ್ ನಡೆಸುವ ಬಿಡಾರ ಸಿಗುತ್ತದೆ.

ಇನ್ನೂ ಮೇಲಿನ ಭೀಮೇಶ್ವರಿ, ದೊಡ್ಡಮಾಕಳಿಯಂತೆ ಇದೂ ಒಂದು ಕಾಲಕ್ಕೆ ಗಾಳ ಹಾಕುವವರ ಶಿಬಿರ. ಮಹಶೀರ್ ಮೀನಿನ ಆಸೆಗೆ ಕಡಲಾಚೆಯಿಂದ ಜನ ಬರುತ್ತಿದ್ದರು. ಸಿಕ್ಕಿದ್ದನ್ನು ತೂಗಿ ಮತ್ತೆ ನೀರಿಗೇ ಬಿಡುತ್ತಿದ್ದರು. ವನ್ಯಜೀವಿಧಾಮದಲ್ಲಿ ಗಾಳಕ್ಕೆ ಎಡೆಯಿಲ್ಲವೆಂದು ಅದು ನಿಂತುಹೋಯಿತು. ಕಾವೇರಿ ಕೊಳ್ಳದಲ್ಲಲ್ಲದೆ ಬೇರೆಲ್ಲೂ ಇಲ್ಲದ ಡುಬ್ಬದ ಮಹಶೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಜಾಗತಿಕ ಕೆಂಪುಪಟ್ಟಿ ಸೇರಿತು. ಗಾಳದವರು ಇದ್ದಷ್ಟು ಕಾಲ ಹೊಳೆಗೆ ಸಿಡಿಮದ್ದು ಎಸೆಯುವವರ ಮೇಲೆ ಒಂದು ಕಣ್ಣಾದರೂ ಇತ್ತು. ಆ ಕಾವಲು ಈಗ ಬಿಡಾರಕ್ಕೆ ಬರುವ ನಮ್ಮ ಪಾಲಿಗೆ ಬಂದಿದೆ ಎಂದೇ ನಾನು ತಿಳಿದಿದ್ದೇನೆ.

ಪಶ್ಚಿಮ ಬೆಂಗಳೂರಿನವರು ಇಲ್ಲಿಗೇ ಬರಬೇಕು ಎನ್ನುವುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ನಮ್ಮ ನಲ್ಲಿಯ ಕಾವೇರಿಯನ್ನು ಇದಕ್ಕೂ ಮೇಲೆ, ಶಿವನಸಮುದ್ರದ ಬಳಿಯೇ ತಿರುಗಿಸಿಕೊಂಡು, ತೊರೆಕಾಡನಹಳ್ಳಿಯಲ್ಲಿ ಶುದ್ಧಮಾಡಿ, ಸುಮಾರು 100 ಕಿ.ಮೀ. ದೂರ ಪಂಪ್ ಮಾಡುತ್ತಾರೆ. ಈ ಯೋಜನೆಯ ಮೊದಲ ಹಂತ ಶುರುವಾದದ್ದು 1974ರಲ್ಲಿ. ಬಸವೇಶ್ವರನಗರದ ಬಚ್ಚಲಿನಲ್ಲಿ ಹರಿದ ನೀರು ಮೋರಿಗಳ ಮೂಲಕ ವೃಷಭಾವತಿ ಸೇರಿ, ಕೆಂಗೇರಿ ದಾಟಿ, ಭೈರಮಂಗಲ ಕೆರೆಯಲ್ಲಿ ನೊರೆಯೆದ್ದು, ಅರ್ಕಾವತಿಯೊಡನೆ ಸಂಗಮದಲ್ಲಿ ಮತ್ತೆ ಕಾವೇರಿಗೇ ಇಳಿಯುತ್ತದೆ. ಗಾಳಿಬೋರೆ ಇರುವುದು ಈ ಎರಡು ಜಾಗಗಳ ನಡುವೆ: ನಾವು ತೆಗೆದುಕೊಂಡು ಉಳಿದ ಹೊಳೆ, ನಮ್ಮ ಕೊಳೆ ಇನ್ನೂ ಸೇರದ ಹೊಳೆ.

ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ ಎನ್ನುತ್ತಾರೆ, ನಿಜ. ನನಗೆ ಇಷ್ಟ ಮಾರ್ಚ್. ಕಾಡು ಒಣಗಿ ಬಯಲಾದಾಗ ಆನೆಗಳು ನೀರಿಗೆ ಇಳಿಯುತ್ತವೆ. ಸೆಕೆಯನ್ನು ತಡೆದುಕೊಳ್ಳಬೇಕು, ಅಷ್ಟೇ. ಬೆಳಿಗ್ಗೆ ತೆಪ್ಪದಲ್ಲಿ ಕೂತರೆ ಮಾತು ಬೇಡ. ನೀರುನಾಯಿಗಳ ಹಿಂಡು ಬಂಡೆಯ ಮೇಲೆ ಮೈ ಒಣಗಿಸುತ್ತಿದ್ದರೆ ಅಂಬಿಗರೇ ಹುಟ್ಟು ನಿಲ್ಲಿಸಿ ತೋರಿಸುತ್ತಾರೆ. ದಡದ ಮತ್ತಿಮರಗಳಲ್ಲಿ ಬೂದುಬಣ್ಣದ ದೊಡ್ಡ ಅಳಿಲು ಹುಡುಕಿ. ಕರ್ನಾಟಕದಲ್ಲಿ ಅದನ್ನು ನೋಡಲು ಇದಕ್ಕಿಂತ ಒಳ್ಳೆಯ ಕಾಡಿಲ್ಲ. ಕತ್ತಲಾದ ಮೇಲೆ ಡೇರೆಯ ದೀಪ ಆರಿಸಿ, ಫೋನನ್ನು ಚೀಲದೊಳಗಿಡಿ.

ಮರಳುವಾಗ ಸಂಗಮದಲ್ಲಿ ಇಳಿದು ಎರಡೂ ಹೊಳೆಗಳನ್ನು ಮಕ್ಕಳಿಗೆ ತೋರಿಸಿ, ಅರ್ಕಾವತಿ ಯಾವ ಬೀದಿಗಳ ನೀರು ಹೊತ್ತು ತಂದಿದೆ ಎಂದು ಹೇಳಿ. ಈಜಲು ಮಾತ್ರ ಇಳಿಯಬೇಡಿ. ಮೇಲೆ ಶಾಂತವಾಗಿ ಕಾಣುವ ಆ ನೀರಿನ ಸುಳಿಗೆ ಸಿಕ್ಕಿ ಸತ್ತವರು ಬಹಳ ಮಂದಿ, ಹೆಚ್ಚಿನವರು ಊರಿಂದ ಹೋದ ಹುಡುಗರೇ.