ಎಚ್ಚರವಿರುವ ಕೈಗೆ ಹೊಲಿಗೆ

ಕುಡುಗೋಲು ಜಾರಿ ಉಂಗುರ ಬೆರಳಿನ ಬುಡ ಸೀಳಿದರೆ ಹೊರಗೆ ಕಾಣುವುದು ಒಂದಂಗುಲದ ಗಾಯ. ನಾಲ್ಕು ಹೊಲಿಗೆ ಹಾಕಿ, ಟಿ.ಟಿ. ಚುಚ್ಚಿ ಕಳಿಸಿದರೆ ಚರ್ಮ ತನ್ನ ಪಾಡಿಗೆ ಕೂಡಿಕೊಳ್ಳುತ್ತದೆ. ಬೆರಳು ಮಾತ್ರ ಮಡಚುವುದಿಲ್ಲ. ಒಳಗೆ ತುಂಡಾಗಿರುವುದು ಬೆರಳನ್ನು ಎಳೆದು ಮಡಚುವ ಟೆಂಡನ್. ಹೆಬ್ಬೆರಳೊಂದನ್ನು ಬಿಟ್ಟರೆ ಪ್ರತಿ ಬೆರಳಿಗೂ ಇಂಥವು ಎರಡೆರಡು. ಮೇಲಿನದು ನಡುವೆ ಸೀಳಿಕೊಂಡು ದಾರಿ ಬಿಡುತ್ತದೆ, ಕೆಳಗಿನದು ಆ ಸೀಳಿನಿಂದ ತೂರಿ ಬೆರಳ ತುದಿಯ ಮೂಳೆಯವರೆಗೆ ಹೋಗುತ್ತದೆ. ಎರಡೂ ಒಂದೇ ಇಕ್ಕಟ್ಟಾದ ಕೊಳವೆಯೊಳಗೆ, ಲಂಗದ ನೇಫೆಯೊಳಗಿನ ಲಾಡಿಯ ಹಾಗೆ, ಹಿಂದೆ ಮುಂದೆ ಜಾರುತ್ತಿರಬೇಕು. ತುಂಡಾದ ತುದಿ ಒಳಗೆ ಸರಿದು ಕೈಗೆ ಸಿಗದಂತಾಗುವುದೂ ಲಾಡಿಯ ಹಾಗೆಯೇ.

ಈ ಜಾಗಕ್ಕೆ ಶಸ್ತ್ರವೈದ್ಯರು ಬಹುಕಾಲ ಹೆದರಿದ್ದರು. ಸ್ಯಾನ್ ಫ್ರಾನ್ಸಿಸ್ಕೋದ ಸ್ಟರ್ಲಿಂಗ್ ಬನೆಲ್ ಕೈಯ ಶಸ್ತ್ರಚಿಕಿತ್ಸೆಯನ್ನು ಒಂದು ಶಾಸ್ತ್ರವಾಗಿ ಕಟ್ಟಿದವರು. 1944ರಲ್ಲಿ ಬಂದ ಅವರ ‘ಸರ್ಜರಿ ಆಫ್ ದ ಹ್ಯಾಂಡ್’ ಅಮೆರಿಕದ ಸೇನಾ ವೈದ್ಯರಿಗೆ ಕೈಪಿಡಿಯಾಗಿತ್ತು. ಅಂಗೈಯ ಗೆರೆಯಿಂದ ಬೆರಳಿನ ನಡುವಿನವರೆಗಿನ ಭಾಗವನ್ನು ಅವರು ‘ನೋ ಮ್ಯಾನ್ಸ್ ಲ್ಯಾಂಡ್’ ಎಂದರು. ಅಲ್ಲಿ ಗಾಯವಾದರೆ ಚರ್ಮವನ್ನಷ್ಟೇ ಮುಚ್ಚಿ, ಗಾಯ ಮಾಗಿದ ಮೇಲೆ ಬೇರೆ ಕಡೆಯಿಂದ ಟೆಂಡನ್ ತಂದು ಕಸಿ ಮಾಡಿ ಎಂಬುದು ಅವರ ಸಲಹೆ. ಅದು ಅಂಜುಬುರುಕನ ಮಾತಲ್ಲ. ಅಲ್ಲೇ ಹೊಲಿದ ಟೆಂಡನ್ ಕೊಳವೆಯ ಗೋಡೆಗೆ ಅಂಟಿಕೊಂಡು ಬೆರಳು ಕೊರಡಾಗುವುದನ್ನು ಕಂಡವರ ಮಾತು. 1960ರಲ್ಲಿ ಲೋಸಾನ್‌ನ ಕ್ಲೋಡ್ ವೆರ್ಡಾನ್, 1967ರಲ್ಲಿ ಕೆಂಟಕಿಯ ಹೆರಾಲ್ಡ್ ಕ್ಲೈನರ್ಟ್, ಆ ಜಾಗದಲ್ಲೂ ಕೂಡಲೇ ಹೊಲಿಯಬಹುದು ಎಂದು ತಮ್ಮ ರೋಗಿಗಳ ಫಲಿತಾಂಶ ಮುಂದಿಟ್ಟರು. ಕ್ಲೈನರ್ಟ್ ಉಗುರಿಗೆ ರಬ್ಬರ್ ಬ್ಯಾಂಡ್ ಕಟ್ಟಿ, ಬೆರಳು ಬಿಚ್ಚುವುದು ರೋಗಿಯ ಕೆಲಸ, ಮಡಚುವುದು ರಬ್ಬರಿನ ಕೆಲಸ ಎಂದು ಹಂಚಿಕೊಟ್ಟರು. 1975ರಲ್ಲಿ ಡ್ಯೂರನ್ ಮತ್ತು ಹೌಸರ್, ಮೂರರಿಂದ ಐದು ಮಿಲಿಮೀಟರ್ ಜಾರಿದರೂ ಸಾಕು, ಟೆಂಡನ್ ಅಂಟುವುದಿಲ್ಲ ಎಂದರು.

ಅಲ್ಲಿಂದೀಚೆಗೆ ಕೈಯ ಶಸ್ತ್ರಚಿಕಿತ್ಸೆ ಇಬ್ಬಂದಿಯಲ್ಲೇ ಬೆಳೆದಿದೆ. ಹೊಲಿದ ಬೆರಳನ್ನು ಆಡಿಸದಿದ್ದರೆ ಅಂಟುತ್ತದೆ, ಆಡಿಸಿದರೆ ಹರಿಯುತ್ತದೆ. ಎರಡೆಳೆಯ ಹೊಲಿಗೆ ನಾಲ್ಕೆಳೆಯಾಯಿತು, ಆರೆಳೆಯಾಯಿತು. ಆದರೆ ತಾನು ಹಾಕಿದ ಹೊಲಿಗೆ ಆಡಿಸಿದರೆ ನಿಲ್ಲುತ್ತದೆಯೇ ಎಂಬುದು ಸರ್ಜನ್‌ಗೆ ತಿಳಿಯುತ್ತಿದ್ದುದು ಗಾಯ ಮುಚ್ಚಿ, ರೋಗಿಗೆ ಎಚ್ಚರವಾಗಿ, ದಿನಗಳು ಕಳೆದ ಮೇಲೆ. ತಿಳಿಯುವ ಹೊತ್ತಿಗೆ ತಿದ್ದಲು ಮತ್ತೊಂದು ಆಪರೇಷನ್ನೇ ಬೇಕು.

ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಸೇಂಟ್ ಜಾನ್ ಊರಿನ ಡೊನಾಲ್ಡ್ ಲಲೋಂಡ್ ಜನಪ್ರಿಯಗೊಳಿಸಿದ ‘ವಾಲಾಂಟ್’ ಪದ್ಧತಿಯನ್ನು ಅಳೆಯಬೇಕಾದದ್ದು ಇಲ್ಲಿ ನಿಂತು. ರೋಗಿ ಪೂರ್ತಿ ಎಚ್ಚರವಿರುತ್ತಾನೆ. ಕೊಯ್ಯುವ ಜಾಗವನ್ನಷ್ಟೇ ಮರಗಟ್ಟಿಸುವ ಲಿಡೊಕೇನ್, ಜೊತೆಗೆ ರಕ್ತನಾಳ ಬಿಗಿಯಾಗಿಸುವ ಅಡ್ರಿನಲಿನ್. ರಕ್ತ ತಡೆಯಲು ತೋಳಿಗೆ ಬಿಗಿಯುವ ಟೂರ್ನಿಕೆ ಪಟ್ಟಿ ಇಲ್ಲ, ನಿದ್ದೆಯ ಮದ್ದಿಲ್ಲ. ಪಟ್ಟಿ ಇಲ್ಲದಿರುವುದು ಸಣ್ಣ ಸಂಗತಿಯಲ್ಲ. ಪಟ್ಟಿ ಬಿಗಿದರೆ ತೋಳಿನ ನೋವನ್ನು ಎಚ್ಚರದಲ್ಲಿ ಬಹಳ ಹೊತ್ತು ತಡೆಯಲಾಗದು. ಹಾಗಾಗಿ ಇಡೀ ತೋಳನ್ನೋ ಇಡೀ ಮನುಷ್ಯನನ್ನೋ ಮಲಗಿಸಬೇಕಾಗುತ್ತಿತ್ತು.

ಬೆರಳಿಗೆ ಅಡ್ರಿನಲಿನ್ ಚುಚ್ಚಬಾರದು ಎಂಬುದು ವೈದ್ಯ ವಿದ್ಯಾರ್ಥಿಗಳು ತಲೆಮಾರುಗಳಿಂದ ಬಾಯಿಪಾಠ ಮಾಡಿದ ನಿಯಮ. ಚುಚ್ಚಿದರೆ ರಕ್ತ ನಿಂತು ಬೆರಳು ಕರ್ರಗಾಗಿ ಕೊಳೆಯುತ್ತದೆಂಬ ಭಯ. ಡೆಂಕ್ಲರ್ ಎಂಬ ಅಮೆರಿಕದ ಸರ್ಜನ್ 2001ರಲ್ಲಿ 1880ರಿಂದ 2000ದವರೆಗಿನ ಬರಹಗಳನ್ನೆಲ್ಲ ಜಾಲಾಡಿದಾಗ ಸಿಕ್ಕಿದ್ದು ಮರಗಟ್ಟಿಸುವ ಮದ್ದು ಚುಚ್ಚಿದ ಮೇಲೆ ಬೆರಳು ಕೊಳೆತ 48 ಪ್ರಕರಣಗಳು. ಹೆಚ್ಚಿನವು 1950ಕ್ಕಿಂತ ಹಿಂದಿನವು, ಲಿಡೊಕೇನ್ ಬಳಕೆಗೆ ಬರುವ ಮುನ್ನ ಪ್ರೊಕೇನ್ ಚುಚ್ಚುತ್ತಿದ್ದ ಕಾಲದವು. ಪ್ರೊಕೇನ್ ಹಳತಾದಂತೆ ಆಮ್ಲವಾಗುತ್ತದೆ. ಸೀಸೆಯ ಮೇಲೆ ಅವಧಿ ಮುಗಿಯುವ ದಿನಾಂಕ ಹಾಕುವ ಪದ್ಧತಿ ಆಗ ಇರಲಿಲ್ಲ. ಬೆರಳು ಸುಟ್ಟದ್ದು ಆ ಆಮ್ಲ, ಹೆಸರು ಕೆಟ್ಟದ್ದು ಅಡ್ರಿನಲಿನ್‌ನದು ಎಂಬುದು ಲಲೋಂಡ್ ಬಳಗದ ವಾದ. ನನಗೆ ಅದು ಬಹುಪಾಲು ಒಪ್ಪಿಗೆಯಾಗುತ್ತದೆ.

ಬಹುಪಾಲು ಎಂದೆ, ಪೂರ್ತಿ ಅಲ್ಲ. ಈ ಪದ್ಧತಿಯ ಆಧಾರಸ್ತಂಭ 2005ರ ಅಧ್ಯಯನ. ಸಾಲಾಗಿ 3,110 ಮಂದಿಯ ಕೈ, ಬೆರಳುಗಳಿಗೆ ಅಡ್ರಿನಲಿನ್ ಕೊಟ್ಟರೂ ಒಂದು ಬೆರಳೂ ಹೋಗಲಿಲ್ಲ, ಅದರ ಪ್ರಭಾವ ಇಳಿಸುವ ಫೆಂಟೊಲಮೈನ್ ಕೂಡ ಒಮ್ಮೆಯೂ ಬೇಕಾಗಲಿಲ್ಲ. ದೊಡ್ಡ ಸಂಗತಿಯೇ. ಆದರೆ ಮೂರು ಸಾವಿರದಲ್ಲಿ ಸೊನ್ನೆ ಎಂದರೆ ಸಂಖ್ಯಾಶಾಸ್ತ್ರದ ಮಟ್ಟಿಗೆ ‘ಸುಮಾರು ಸಾವಿರಕ್ಕೊಂದಕ್ಕಿಂತ ಹೆಚ್ಚಿರಲಾರದು’ ಎಂದಷ್ಟೇ. ‘ಎಂದೂ ಆಗದು’ ಎಂದಲ್ಲ. ಮುಂದಿನ ವರ್ಷಗಳಲ್ಲಿ ಬೆರಳಿಗೆ ರಕ್ತ ಸಾಲದೆ ತೊಂದರೆಯಾದ ಬಿಡಿ ಪ್ರಕರಣಗಳು ವರದಿಯಾಗಿಯೂ ಇವೆ. ಮೇಲಾಗಿ ಆ ಅಧ್ಯಯನದಲ್ಲಿದ್ದವು ಮುಂಚೆಯೇ ನಿಗದಿಯಾದ ಆಪರೇಷನ್ನುಗಳು. ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಜಜ್ಜಿಹೋದ ಬೆರಳು, ಬೀಡಿ ಸೇದಿ ಸೇದಿ ಬರ್ಗರ್ ಕಾಯಿಲೆಯಿಂದ ರಕ್ತನಾಳ ಕಟ್ಟಿಹೋದ ಕೈ: ಇವುಗಳ ಬಗ್ಗೆ ಆ ಸೊನ್ನೆ ಏನನ್ನೂ ಹೇಳುವುದಿಲ್ಲ. ನಮ್ಮ ಆಸ್ಪತ್ರೆಗಳಿಗೆ ಬರುವ ಕೈಗಳಲ್ಲಿ ಇಂಥವೂ ಇರುತ್ತವೆ.

ಹಾಗಿದ್ದರೂ ಈ ಪದ್ಧತಿಯನ್ನು ನಾನು ಮೆಚ್ಚುವುದು ಏಕೆಂದರೆ, ಅರ್ಧ ಶತಮಾನದಿಂದ ಕುರುಡಾಗಿದ್ದ ಒಂದು ಹಂತಕ್ಕೆ ಅದು ಕಣ್ಣು ಕೊಟ್ಟಿದೆ. ಟೆಂಡನ್ ಹೊಲಿದಾಯಿತು, ಗಾಯ ಇನ್ನೂ ತೆರೆದಿದೆ. ಬೆರಳಿನ ಚರ್ಮಕ್ಕೆ ಅರಿವಿಲ್ಲ, ಆದರೆ ಬೆರಳನ್ನು ಎಳೆಯುವ ಸ್ನಾಯು ಇರುವುದು ಮುಂಗೈಯಲ್ಲಿ. ಅದಕ್ಕೆ ಮದ್ದು ತಟ್ಟಿಲ್ಲ. ‘ಈಗ ಬೆರಳು ಮಡಚಿ’ ಎನ್ನುತ್ತಾರೆ ಸರ್ಜನ್. ರೋಗಿ ಮಡಚುತ್ತಾನೆ. ಹೊಲಿಗೆಯ ಗಂಟು ಕೊಳವೆಯ ಬಿಗಿಪಟ್ಟಿಗೆ ತಗಲಿ ನಿಂತರೆ ಕಣ್ಣೆದುರೇ ಗೊತ್ತಾಗುತ್ತದೆ. ಆ ಬಿಗಿಪಟ್ಟಿಯನ್ನು ಒಂದಿಷ್ಟು ಸಡಿಲಿಸಬಹುದು. ಹೊಲಿದ ತುದಿಗಳ ನಡುವೆ ಸಂದಿ ಬಿಟ್ಟರೆ ಬಿಚ್ಚಿ ಮತ್ತೆ ಹೊಲಿಯಬಹುದು. ಅಂಥ ಸಂದಿಗಳನ್ನು ಟೇಬಲ್ ಮೇಲೆಯೇ ಕಂಡು ಸರಿಪಡಿಸಿದ ದಾಖಲೆಗಳಿವೆ. ಚೀನಾದ ನಾನ್‌ಟಾಂಗ್‌ನ ಜಿನ್ ಬೋ ಟಾಂಗ್ ಗಟ್ಟಿ ಹೊಲಿಗೆ ಹಾಕಿ, ಬಿಗಿಪಟ್ಟಿಯನ್ನು ಬೇಕಾದಷ್ಟು ಸೀಳಿ, ಬೇಗನೆ ಆಡಿಸಬೇಕೆಂದು ವಾದಿಸುತ್ತ ಬಂದವರು. ಆ ‘ಬೇಕಾದಷ್ಟು’ ಎಷ್ಟು ಎಂಬುದು ಎಚ್ಚರವಿರುವ ಕೈಯಲ್ಲಿ ಊಹೆಯಾಗಿ ಉಳಿಯುವುದಿಲ್ಲ.

ಟೆಂಡನ್ ದಾರಿ ಬದಲಿಸುವ ಆಪರೇಷನ್ನುಗಳಲ್ಲಂತೂ ಈ ಲಾಭ ಇನ್ನೂ ಹೆಚ್ಚು. ಪಾಲ್ ಬ್ರಾಂಡ್ ನಮ್ಮ ಪಕ್ಕದ ವೆಲ್ಲೂರಿಗೆ 1946ರಲ್ಲಿ ಬಂದು, ಕುಷ್ಠದಿಂದ ಕೊಕ್ಕೆಯಂತೆ ಬಾಗಿದ ಬೆರಳುಗಳನ್ನು ಆರೋಗ್ಯವಾಗಿದ್ದ ಸ್ನಾಯುಗಳ ಬಲದಿಂದ ನೆಟ್ಟಗೆ ಮಾಡುವ ದಾರಿ ಹಾಕಿಕೊಟ್ಟರು. ಹೊಸ ಟೆಂಡನ್ನನ್ನು ಎಷ್ಟು ಬಿಗಿಯಾಗಿ ಕಟ್ಟಬೇಕು ಎಂಬುದು ಮಲಗಿದ ಕೈಯಲ್ಲಿ ಸರ್ಜನ್‌ನ ಅನುಭವಕ್ಕೆ ಬಿಟ್ಟದ್ದು. ಎಚ್ಚರವಿರುವ ರೋಗಿ ಹೆಬ್ಬೆರಳನ್ನು ಎತ್ತಿ ತೋರಿಸಿದರೆ ಬಿಗಿ ಹೆಚ್ಚೋ ಕಡಿಮೆಯೋ ಆಗಲೇ ತಿಳಿಯುತ್ತದೆ.

ವಾಲಾಂಟ್‌ನ ಪ್ರಚಾರಕರು ಎತ್ತಿ ಹೇಳುವುದು ಮಾತ್ರ ಇದಕ್ಕಿಂತ ಹೆಚ್ಚಾಗಿ ಖರ್ಚಿನ ಮಾತು. ಮಣಿಕಟ್ಟಿನಲ್ಲಿ ಒತ್ತಿಹೋದ ನರವನ್ನು ಬಿಡಿಸುವ ಕಾರ್ಪಲ್ ಟನಲ್ ಆಪರೇಷನ್ನು ದೊಡ್ಡ ಓ.ಟಿ.ಯಲ್ಲಿ ಮಾಡಿದರೆ ಸಣ್ಣ ಕೋಣೆಯಲ್ಲಿ ಮಾಡುವುದಕ್ಕಿಂತ ನಾಲ್ಕು ಪಟ್ಟಿನ ಹತ್ತಿರ ಖರ್ಚಾಗುತ್ತದೆ ಎಂದು ಅದೇ ಬಳಗ 2007ರಲ್ಲಿ ಲೆಕ್ಕ ಕೊಟ್ಟಿತು. ಅದು ಕೆನಡಾದ ಲೆಕ್ಕ. ಕೈಯ ಆಪರೇಷನ್‌ಗೆ ಕುತ್ತಿಗೆಯ ಬುಡದಲ್ಲೋ ಕಂಕುಳಲ್ಲೋ ಚುಚ್ಚಿ ತೋಳೊಂದನ್ನೇ ಮರಗಟ್ಟಿಸುವ ಬ್ಲಾಕ್ ನಮ್ಮಲ್ಲಿ ಹಳೆಯ, ಚೆನ್ನಾಗಿ ಪಳಗಿದ, ಅಗ್ಗದ ವಿದ್ಯೆ. ಅದರ ಎದುರು ವಾಲಾಂಟ್‌ನ ಉಳಿತಾಯ ಅಷ್ಟು ದೊಡ್ಡದಿರಲಾರದು. ಉಪವಾಸ ಬೇಡ, ಸಕ್ಕರೆ ಕಾಯಿಲೆಯವರು ಊಟ ಮಾತ್ರೆ ತಪ್ಪಿಸಬೇಕಿಲ್ಲ, ಇ.ಸಿ.ಜಿ. ಎಕ್ಸ್‌ರೇ ಎಂದು ಒಂದು ದಿನದ ಕೂಲಿ ಕಳೆಯಬೇಕಿಲ್ಲ ಎಂಬುದು ನಿಜವಾದ ಅನುಕೂಲ. ಬ್ಲಾಕ್ ಕೊಟ್ಟರೆ ಮುಂಗೈ ಸ್ನಾಯುವೂ ಮಲಗುತ್ತದೆ, ಬೆರಳು ಆಡಿಸಿ ನೋಡಲಾಗದು ಎಂಬುದು ಅದಕ್ಕಿಂತ ದೊಡ್ಡ ಕಾರಣ. ಅಗ್ಗ ಎಂದು ಮಾರಿದರೆ ಅಗ್ಗದ ಹಾಗೆಯೇ ಮಾಡುತ್ತಾರೆಂಬುದು ನನ್ನ ಆತಂಕ.

ಹಾಗೆ ಮಾಡಲು ಅವಕಾಶಗಳೂ ಬೇಕಾದಷ್ಟಿವೆ. ಲಲೋಂಡ್ ಬಳಸುವುದು ಶೇ. 1ರ ಲಿಡೊಕೇನ್, ಲಕ್ಷಕ್ಕೊಂದು ಪಾಲು ಅಡ್ರಿನಲಿನ್. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಸೀಸೆಯಲ್ಲಿರುವುದು ಶೇ. 2, ಎರಡು ಲಕ್ಷಕ್ಕೊಂದು ಪಾಲು. ಸಲೈನ್ ಬೆರೆಸಿ ಶೇ. 1 ಮಾಡಿದರೆ ಅಡ್ರಿನಲಿನ್ ನಾಲ್ಕು ಲಕ್ಷಕ್ಕೊಂದು ಪಾಲಿಗೆ ಇಳಿಯುತ್ತದೆ. ಅದನ್ನು ಏರಿಸಲು ಬೇರೆ ಆಂಪ್ಯೂಲ್ ಒಡೆದು ಬೆರೆಸಬೇಕು, ಹತ್ತು ಎಂ.ಎಲ್.ಗೆ ಒಟ್ಟು ಬೇಕಾದ್ದು 0.1 ಮಿಲಿಗ್ರಾಂ, ಆಂಪ್ಯೂಲಿನಲ್ಲಿರುವುದು 1 ಮಿಲಿಗ್ರಾಂ. ಬಿಂದು ಒಂದು ಮನೆ ಸರಿದರೆ ಹತ್ತು ಪಟ್ಟು. ಚುಚ್ಚಿದ ಮೇಲೆ ಅಡ್ರಿನಲಿನ್ ಪೂರ್ತಿ ಹಿಡಿಯಲು ಸುಮಾರು 25 ನಿಮಿಷ ಬೇಕು. ಹೊರಗೆ ಸಾಲು ನಿಂತಿರುವಾಗ ಐದೇ ನಿಮಿಷಕ್ಕೆ ಕತ್ತಿ ಹಾಕುವ ಸರ್ಜನ್‌ಗೆ ಎದುರಾಗುವುದು ರಕ್ತದ ಮಡು; ಆಮೇಲೆ ಪದ್ಧತಿಯೇ ಸರಿಯಿಲ್ಲ ಎನ್ನುತ್ತಾರೆ. ಫೆಂಟೊಲಮೈನ್ ಕಪಾಟಿನಲ್ಲಿ ಇದೆಯೇ ಎಂದು ಮೊದಲೇ ನೋಡದೆ ಬೆರಳಿಗೆ ಸೂಜಿ ಹಾಕುವುದನ್ನು ಧೈರ್ಯ ಎನ್ನಲಾರೆ. ಚುಚ್ಚುವುದೂ ಒಂದು ಕಸುಬು. ಸಣ್ಣ ಸೂಜಿ, ಮದ್ದಿನ ಆಮ್ಲತೆ ತಗ್ಗಿಸಲು ತುಸು ಸೋಡಿಯಂ ಬೈಕಾರ್ಬನೇಟ್, ನಿಧಾನ. ಹಾಗೆ ಮಾಡಿದರೆ ಮೊದಲ ಚುಚ್ಚೊಂದನ್ನು ಬಿಟ್ಟು ಬೇರೆ ನೋವೇ ಗೊತ್ತಾಗುವುದಿಲ್ಲ ಎನ್ನುತ್ತಾರೆ ಲಲೋಂಡ್.

ಇನ್ನೊಂದು ಸಂಗತಿ, ಯಾರೂ ಅಷ್ಟಾಗಿ ಬರೆಯದ್ದು. ರೋಗಿ ಎಚ್ಚರವಿದ್ದರೆ ಓ.ಟಿ.ಯ ಮಾತು ಬದಲಾಗಲೇಬೇಕು. ಹಾಡು, ಹರಟೆ, ಜೂನಿಯರ್‌ಗೆ ಗದರುವುದು, ‘ಇದೇನಯ್ಯ ಹೀಗೆ ಹರಿದಿದೆ’ ಎಂಬ ಉದ್ಗಾರ, ಎಲ್ಲವೂ ಪರದೆಯ ಆಚೆ ಮಲಗಿದವನ ಕಿವಿಗೆ ಬೀಳುತ್ತದೆ. ಲಲೋಂಡ್ ಈ ಹೊತ್ತನ್ನು ಪಾಠದ ಹೊತ್ತಾಗಿ ಬಳಸುತ್ತಾರೆ: ಹೊಲಿದ ಟೆಂಡನ್ ಹೇಗಿದೆ, ಎಷ್ಟು ಮಡಚಬೇಕು, ಯಾಕೆ ಅದಕ್ಕಿಂತ ಹೆಚ್ಚು ಬೇಡ ಎಂದು ರೋಗಿಗೆ ಅಲ್ಲೇ ಹೇಳಿಕೊಡುತ್ತಾರೆ. ಒ.ಪಿ.ಡಿ.ಯಲ್ಲಿ ಎರಡು ನಿಮಿಷ ಸಿಗದ ಡಾಕ್ಟರು ಟೇಬಲ್ ಬಳಿ ಒಂದು ಗಂಟೆ ಸಿಗುತ್ತಾರೆ. ಅದನ್ನು ಬಳಸಿಕೊಳ್ಳುವುದು ದುಡ್ಡಿನ ಪ್ರಶ್ನೆಯೇ ಅಲ್ಲ, ರೂಢಿಯ ಪ್ರಶ್ನೆ. ನಮ್ಮ ಕಡೆ ಆ ರೂಢಿ ತೀರಾ ಕಡಿಮೆ. ‘ಏನಿಲ್ಲ, ಸರಿಹೋಗುತ್ತೆ, ಧೈರ್ಯವಾಗಿರಿ’ ಎನ್ನುವುದಷ್ಟೇ ಸಾಕಾಗುವ ಕಾಯಿಲೆ ಇದಲ್ಲ.

ಲಲೋಂಡ್ 2016ರಲ್ಲಿ ಸಂಪಾದಿಸಿದ ಪುಸ್ತಕದ ಹೆಸರು ‘ವೈಡ್ ಅವೇಕ್ ಹ್ಯಾಂಡ್ ಸರ್ಜರಿ’. 2021ರ ಎರಡನೇ ಆವೃತ್ತಿಯಲ್ಲಿ ಹೆಸರಿಗೆ ‘ಥೆರಪಿ’ಯೂ ಸೇರಿಕೊಂಡಿತು. ಹೊಲಿಗೆಗೇ ಕೆಲಸ ಮುಗಿಯುವುದಿಲ್ಲ. ಆಪರೇಷನ್ ಆದ ಮೇಲೆ ಮೂರರಿಂದ ಐದು ದಿನ ಕೈ ಎತ್ತಿ ಸುಮ್ಮನಿಡಬೇಕು. ಆಮೇಲೆ ಕೈಬೆನ್ನಿನ ಕಡೆಯಿಂದ ಕಟ್ಟಿದ ಸ್ಪ್ಲಿಂಟಿನೊಳಗೆ ಅರ್ಧ ಮುಷ್ಟಿಯಷ್ಟು, ನೋವಾಗುವ ಮೊದಲು ನಿಲ್ಲಿಸಿ, ದಿನಕ್ಕೆ ಹಲವು ಬಾರಿ ಮಡಚಬೇಕು. ಇದನ್ನು ನೋಡಿಕೊಳ್ಳಲು ಕೈಯನ್ನೇ ಕಲಿತ ಥೆರಪಿಸ್ಟ್ ಬೇಕು. ಕೊಯಮತ್ತೂರಿನ ಗಂಗಾ ಆಸ್ಪತ್ರೆಯಂಥ ದೊಡ್ಡ ಕೇಂದ್ರಗಳಲ್ಲಿ ಅಂಥವರಿದ್ದಾರೆ. ತಾಲೂಕು ಕೇಂದ್ರದ ನರ್ಸಿಂಗ್ ಹೋಮಿನಲ್ಲಿ ಸಿಗುವುದು ಬೆನ್ನು, ಮಂಡಿ, ಲಕ್ವ ಎಲ್ಲವನ್ನೂ ಒಬ್ಬರೇ ನೋಡುವ ಫಿಸಿಯೋ, ಅದೂ ಅದೃಷ್ಟವಿದ್ದರೆ. ಮೂರನೇ ವಾರಕ್ಕೆ ಊತ ಇಳಿದು ಬೆರಳು ಚೆನ್ನಾಗಿದೆ ಅನ್ನಿಸುತ್ತದೆ, ಸ್ಪ್ಲಿಂಟ್ ಕಳಚಿ ಕೊಡ ಎತ್ತುತ್ತಾರೆ, ಟೆಂಡನ್ ಹರಿಯುತ್ತದೆ. ಇನ್ನೊಬ್ಬರು ಹೆದರಿ ಬೆರಳನ್ನು ಆಡಿಸುವುದೇ ಇಲ್ಲ. ಅವರ ಹೊಲಿಗೆ ಭದ್ರವಾಗಿರುತ್ತದೆ, ಬೆರಳು ಕೊರಡಾಗಿರುತ್ತದೆ. ಬನೆಲ್ ಕಂಡದ್ದೂ ಅದನ್ನೇ.

ಹಾಗಾಗಿ ‘ನಮ್ಮಲ್ಲಿ ವಾಲಾಂಟ್ ಲಭ್ಯ’ ಎಂಬ ಫಲಕ ಕಂಡರೆ ಅಲ್ಲಿ ಕೇಳಬೇಕಾದದ್ದು ಟೇಬಲ್ ಮೇಲೆ ತೆಗೆದ ವಿಡಿಯೊವನ್ನಲ್ಲ. ಬೆರಳಿನ ಮೇಲಿನ ಎರಡು ಗೆಣ್ಣುಗಳು ಮಡಚುವ ಕೋನಗಳನ್ನು ಕೂಡಿಸಿ, ನೆಟ್ಟಗಾಗದೆ ಉಳಿದದ್ದನ್ನು ಕಳೆದು, 175 ಡಿಗ್ರಿಗೆ ಹೋಲಿಸುವ ಅಳತೆಯೊಂದಿದೆ. ಸ್ಟ್ರಿಕ್‌ಲ್ಯಾಂಡ್ ಎಂಬ ಅಮೆರಿಕದ ಸರ್ಜನ್ ರೂಪಿಸಿದ್ದು. ಗಾಯವಾಗಿ ಮೂರು ತಿಂಗಳಿಗೆ ಎಷ್ಟು ರೋಗಿಗಳನ್ನು ಮತ್ತೆ ಕರೆಸಿಕೊಂಡಿರಿ, ಅವರ ಬೆರಳು ಎಷ್ಟು ಡಿಗ್ರಿ ಮಡಚಿತು, ಎಷ್ಟು ಜನರ ಹೊಲಿಗೆ ಹರಿಯಿತು ಎಂದು ಕೇಳಿ. ಆ ಲೆಕ್ಕ ಬರೆದಿಟ್ಟ ಕಡತ ಇಲ್ಲದಿದ್ದರೆ ಅಲ್ಲಿಗೆ ಬಂದಿರುವುದು ಸೂಜಿಮದ್ದು ಮಾತ್ರ, ಪದ್ಧತಿ ಇನ್ನೂ ಬಂದಿಲ್ಲ.